ರಿಯಾದ್‌ನಲ್ಲಿ ಗೆದ್ದವರು ಯಾರು?

(ಸಲ್ಮಾಬಾದ್‌ನಲ್ಲಿ ಮೇ 1ರ ಕಾರ್ಮಿಕರ ಸಭೆಯಲ್ಲಿ ಆಡಿದ ಮಾತು)



ನನಗೆ ಭಾಷಣ ಬರಲ್ಲ, ಡೆಂಟಿಂಗ್ ಕೆಲಸ ಬರುತ್ತೆ. ಆದರೂ ಕಾರ್ಯದರ್ಶಿಗಳು "ಫುಟ್‌ಬಾಲ್ ಬಗ್ಗೆ ಹತ್ತು ನಿಮಿಷ ಮಾತಾಡಪ್ಪ" ಅಂದರು. ಯಾಕೆ ಅಂದರು ಅಂತ ನಿಮಗೆಲ್ಲ ಗೊತ್ತು. ಕ್ಯಾಂಪ್‌ಗಳ ಟೂರ್ನಿಗೆ ನಮ್ಮ ತಂಡ ಕಟ್ಟುವಾಗ ಎರಡು ತಕರಾರು ಎದ್ದಿವೆ. ಒಂದು, ಫುಟ್‌ಬಾಲ್ ಮಲಯಾಳಿಗಳ ಆಟ, ಬಂಗಾಳಿಗಳ ಆಟ, ನಮಗೆ ಕ್ರಿಕೆಟ್ಟೇ ಸಾಕು ಅನ್ನೋದು. ಇನ್ನೊಂದು, ವೈಟ್‌ಫೀಲ್ಡ್‌ನಲ್ಲಿ ಬೆಳೆದ ಆ ಹುಡುಗನದು. ಅವನ ಅಪ್ಪ ಒಡಿಶಾದಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವರು. ಹುಡುಗ ಓದಿದ್ದು ಕನ್ನಡ ಶಾಲೆಯಲ್ಲಿ. "ಅವನು ನಮ್ಮವನು ಹೇಗಾಗ್ತಾನೆ? ಹೆಸರು ನೋಡಿ" ಅಂತ ಸಮಿತಿಯಲ್ಲೇ ಒಬ್ಬರು ಕೇಳಿದರು.

ಮೊದಲನೆಯದಕ್ಕೆ ಉತ್ತರ ಸುಲಭ. ಸಂತೋಷ್ ಟ್ರೋಫಿಯನ್ನು ನಮ್ಮ ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿದೆ: 1946-47, 1952-53, 1967-68, 1968-69. ನಾಲ್ಕು ಸಲವೂ ಫೈನಲ್‌ನಲ್ಲಿ ಎದುರಿಗಿದ್ದದ್ದು ಬಂಗಾಳ! ಅದಕ್ಕೂ ಮುಂಚೆ, 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಬ್ರಿಟಿಷ್ ಪಲ್ಟನ್‌ಗಳ ಕೈಯಿಂದ ಜಾರಿ ಬೆಂಗಳೂರು ಮುಸ್ಲಿಮ್ಸ್ ತಂಡಕ್ಕೆ ಸಿಕ್ಕಿತು. ಮಾರನೇ ವರ್ಷವೂ ಅವರೇ ಗೆದ್ದರು.

ಆಟಗಾರರಲ್ಲಿ ನನ್ನ ಲೆಕ್ಕಕ್ಕೆ ಎಲ್ಲರಿಗಿಂತ ಮೇಲೆ ಬೆಂಗಳೂರಿನ ಅಹ್ಮದ್ ಖಾನ್. ಇದರಲ್ಲಿ ಯಾರು ಜಗಳಕ್ಕೆ ಬಂದರೂ ಸರಿ. ಬರಿಗಾಲಿನಲ್ಲಿ ಆಡುತ್ತಿದ್ದ ಮನುಷ್ಯ. ಚೆಂಡು ಕಾಲಿಗೆ ಅಂಟಿಕೊಂಡ ಹಾಗೆ ಓಡುತ್ತಿದ್ದರಂತೆ, ಅದಕ್ಕೇ ಜನ 'ಹಾವಾಡಿಗ' ಅಂತ ಕರೆದರು. ಅವರು 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ, ಅಹ್ಮದ್ ಖಾನ್ ಈ ಐವರನ್ನು ಅಲ್ಲಿಯ ಜನ ಪಂಚ ಪಾಂಡವರು ಅಂದರು. 1949, 50, 51, ಮೂರು ವರ್ಷ ಸಾಲಾಗಿ ಐಎಫ್‌ಎ ಶೀಲ್ಡ್ ಈಸ್ಟ್ ಬೆಂಗಾಲ್ ಪಾಲಾಯಿತು. ಅಲ್ಲಾ ಸ್ವಾಮಿ, ಕಲ್ಕತ್ತೆಯವರು ಬೆಂಗಳೂರಿನ ಹುಡುಗನಿಗೆ "ನೀನು ಬಂಗಾಳಿ ಮಾತಾಡ್ತೀಯಾ?" ಅಂತ ಕೇಳಿ ತಂಡಕ್ಕೆ ತಗೊಂಡರಾ?

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ 1-2ರಿಂದ ಫ್ರಾನ್ಸ್‌ಗೆ ಸೋತಿತು. ನಮ್ಮವರು ಎರಡು ಪೆನಾಲ್ಟಿ ಕಳಕೊಂಡರು. ಆ ಒಂದು ಗೋಲು ಹೊಡೆದದ್ದು ಆಗ ಮೈಸೂರು ಪರ ಆಡುತ್ತಿದ್ದ ಎಸ್. ರಾಮನ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಅದು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10-1ರಿಂದ ಬಡಿಯಿತು. ಅಲ್ಲಿಯೂ ಆ ಒಂದನ್ನು ಹೊಡೆದದ್ದು ಅಹ್ಮದ್ ಖಾನ್. ಬರಿಗಾಲಿನ ಕಾಲ ಅಲ್ಲಿಗೆ ಮುಗಿಯಿತು. 1956ರಲ್ಲಿ ಮೆಲ್ಬರ್ನ್‌ಗೆ ಹೋದ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು. ಆ ತಂಡ ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ 4-2ರಿಂದ ಸೋಲಿಸಿ ನಾಲ್ಕನೇ ಸ್ಥಾನ ಪಡೆಯಿತು. ಒಂದು ತಮಾಷೆ ಕೇಳಿ. ಮೂರನೇ ಸ್ಥಾನಕ್ಕೆ ಬಲ್ಗೇರಿಯಾ ಜೊತೆ ಆಡಿದ ದಿನ, ಡಿಸೆಂಬರ್ 7, ಅದೇ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಆಸ್ಟ್ರೇಲಿಯಾದವರು ತಮ್ಮದೇ ಫುಟ್‌ಬಾಲನ್ನೂ ಆಡಿ ತೋರಿಸಿದರು. ಮೊಟ್ಟೆಯಾಕಾರದ ಚೆಂಡು, ಒಂದು ಕಡೆಗೆ 18 ಜನ, ಕೈಯಲ್ಲೂ ಹಿಡೀಬಹುದು. ನಮ್ಮ ಕ್ಯಾಂಪಿನಲ್ಲಿ ಕೆಲವರು ಆಡೋದು ನೋಡಿದರೆ ಅದೇ ಆಟ ಅನ್ನಿಸುತ್ತೆ.

ಇನ್ನು ಎರಡನೇ ತಕರಾರು. ನಾನು ಇಲ್ಲಿ ನಿಂತಿರೋದೇ ಅದಕ್ಕೆ.

1969ರ ನಂತರ ನಮಗೆ ಸಂತೋಷ್ ಟ್ರೋಫಿ ಸಿಗಲೇ ಇಲ್ಲ. 54 ವರ್ಷ! ಕೊನೆಗೆ ಸಿಕ್ಕಿದ್ದೆಲ್ಲಿ? ಇಲ್ಲೇ, ಕಾಸ್‌ವೇ ದಾಟಿದರೆ ಸಿಗುವ ಸೌದಿಯಲ್ಲಿ. ಈ ಟ್ರೋಫಿಯ ಪಂದ್ಯ ದೇಶದ ಹೊರಗೆ ನಡೆದದ್ದೇ ಅದು ಮೊದಲು. ಸೆಮಿಫೈನಲ್‌ನಲ್ಲಿ ಸರ್ವಿಸಸ್ ತಂಡವನ್ನು 3-1ರಿಂದ ಮುಗಿಸಿ, 2023ರ ಮಾರ್ಚ್ 4ರಂದು ರಿಯಾದ್‌ನ ಕಿಂಗ್ ಫಹದ್ ಸ್ಟೇಡಿಯಂನಲ್ಲಿ ಮೇಘಾಲಯದ ಎದುರು ಇಳಿದರು. ನಮ್ಮ ರೂಮಿನಲ್ಲಿ ಆರು ಜನ ಒಂದು ಮೊಬೈಲ್ ಮುಂದೆ. ಎರಡನೇ ನಿಮಿಷಕ್ಕೇ ಸುನಿಲ್ ಕುಮಾರ್ ಗೋಲು. ಕೂಗಾಟ ಮುಗಿಯುವ ಮೊದಲೇ ಮೇಘಾಲಯ ಪೆನಾಲ್ಟಿಯಲ್ಲಿ ಸಮ ಮಾಡಿತು. ಆಮೇಲೆ ಬೇಕಿ ಓರಾಂ ಹೊಡೆದರು. ಮೊದಲರ್ಧ ಮುಗಿಯುವ ಹೊತ್ತಿಗೆ ರಾಬಿನ್ ಯಾದವ್ ಫ್ರೀ ಕಿಕ್‌ನಲ್ಲಿ ಮೂರನೆಯದು! ಎರಡನೇ ಅರ್ಧದಲ್ಲಿ ಅವರು ಇನ್ನೊಂದು ಹೊಡೆದಾಗ ರೂಮಿನಲ್ಲಿ ಉಸಿರೇ ಇಲ್ಲ. ಅರ್ಧ ಗಂಟೆ ತಡೆದುಕೊಂಡರು. 3-2.

ಆ ರಾತ್ರಿ ನಾವೆಲ್ಲ 'ನಾವು ಗೆದ್ವಿ' ಅಂತಲೇ ಊರಿಗೆ ಫೋನ್ ಮಾಡಿದ್ದು. ಓರಾಂ, ಯಾದವ್ ಅನ್ನುವ ಹೆಸರು ಕೇಳಿ "ಇವರು ಯಾವೂರವರು, ಮನೆಮಾತು ಯಾವುದು" ಅಂತ ಆ ಹೊತ್ತಿನಲ್ಲಿ ಯಾರೂ ಕೇಳಲಿಲ್ಲ. ಗೋಲು ಹೊಡೆದಾಗ ನಮ್ಮವರು, ಹೆಸರು ಬರೆಯುವಾಗ ಹೊರಗಿನವರು ಅಂದರೆ ಹೇಗೆ? ಈ ದೇಶವನ್ನೇ ನೋಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ ಬಹರೇನ್‌ಗೆ ಚಿನ್ನ ತಂದ ವಿನ್‌ಫ್ರೆಡ್ ಯಾವಿ ಹುಟ್ಟಿದ್ದು ಕೀನ್ಯಾದಲ್ಲಿ.

ಅಣ್ಣಂದಿರೆ, ಇಲ್ಲಿ ನಮ್ಮ ಸಿಪಿಆರ್ ಕಾರ್ಡಿನಲ್ಲಿ ನಾವೂ ಪರದೇಶಿಗಳೇ. ಅಂಗಡಿಯಲ್ಲಿ, ಬಸ್ಸಿನಲ್ಲಿ ಯಾರಾದರೂ "ನೀನ್ಯಾರು, ಎಲ್ಲಿಯವನು" ಅಂತ ಒರಟಾಗಿ ಕೇಳಿದರೆ ಹೊಟ್ಟೆಯಲ್ಲಿ ಏನಾಗುತ್ತೆ ಅಂತ ಇಲ್ಲಿರುವ ಒಬ್ಬೊಬ್ಬರಿಗೂ ಗೊತ್ತು. ಆ ಹುಡುಗ ಕಳೆದ ಶುಕ್ರವಾರ ಅಭ್ಯಾಸಕ್ಕೆ ಬಂದು, ಬೇಲಿ ಹತ್ತಿರ ನಿಂತು, ಶೂ ಬಿಚ್ಚದೆ ಹಾಗೇ ವಾಪಸ್ ಹೋದ. ರೂಮಿಗೆ ಹೋಗಿ ಕೇಳಿದರೆ "ಇರ್ಲಿ ಬಿಡಣ್ಣ, ಡ್ಯೂಟಿ ಇತ್ತು" ಅಂದ. ಅಚ್ಚ ಬೆಂಗಳೂರು ಕನ್ನಡದಲ್ಲೇ ಅಂದ.

ಸಮಿತಿಯವರಲ್ಲಿ ನನ್ನ ಕೋರಿಕೆ ಇಷ್ಟೆ. ಅವನ ಹೆಸರು ಪಟ್ಟಿಯಲ್ಲಿ ಬರಲಿ. ಜಾಗ ಸಾಲದಿದ್ದರೆ ನನ್ನದು ತೆಗೆಯಿರಿ, ನನಗೆ ಹೇಗೂ ಮಂಡಿ ನೋವು. ಅವನು ಎಡಗಾಲಿನ ಆಟಗಾರ, ಎಡಗಡೆ ನಮ್ಮಲ್ಲಿ ಯಾರೂ ಇಲ್ಲ. ಮುಂದಿನ ಅಭ್ಯಾಸ ಗ್ಯಾರೇಜು ಸಾಲಿನ ಹಿಂದಿನ ಬಯಲಿನಲ್ಲಿ, ಶುಕ್ರವಾರ ಬಿಸಿಲು ಇಳಿದ ಮೇಲೆ. ನೀರು ನೀವೇ ತನ್ನಿ. ಶೂ ಇಲ್ಲದವರು ಇವತ್ತೇ ನನಗೆ ಅಳತೆ ಹೇಳಿ ಹೋಗಿ.