ಒಂದೇ ಬೆಟ್ಟವನ್ನು ನೋಡಿದ ಚಿತ್ರಕಾರ



ರಾಜ್ಯೋತ್ಸವದ ವೇದಿಕೆಯಲ್ಲಿ ಫ್ರಾನ್ಸಿನ ಚಿತ್ರಕಾರನೊಬ್ಬನ ಮಾತೇಕೆ ಎಂದು ತಾವು ಕೇಳಬಹುದು. ಊರು ಬಿಟ್ಟು ಬಂದ ನಾವೆಲ್ಲ ರಜೆಯಲ್ಲಿ ಹಿಂದಿರುಗುವಾಗ ಗಾಡಿಯ ಕಿಟಕಿಗೆ ಮುಖವಿಟ್ಟು ನಮ್ಮ ಗುಡ್ಡ ಬಂತೇ ಎಂದು ಕಾಯುವವರೇ. ಅದೇ ಗುಡ್ಡದ ಆಕಾರವನ್ನು ಈಗ ಕಾಗದದ ಮೇಲೆ ಬರೆದು ತೋರಿಸಿ ಎಂದರೆ ಮಾತ್ರ ನಮ್ಮ ಕೈ ತಡವರಿಸುತ್ತದೆ. ಪ್ರೀತಿಯೇನೋ ಉಂಟು, ನೋಡಿದ್ದು ಕಡಿಮೆ. ಆದ್ದರಿಂದಲೇ, ತನ್ನೂರಿನ ಬೆಟ್ಟವನ್ನು ನೋಡುತ್ತ ನೋಡುತ್ತ ಮುಪ್ಪಾದ ಪಾಲ್ ಸೆಜಾನನ ಕತೆಯನ್ನು ಇಂದು ಆರಿಸಿಕೊಂಡೆವು.

ಆತ ಹುಟ್ಟಿದ್ದು 1839ರಲ್ಲಿ, ದಕ್ಷಿಣ ಫ್ರಾನ್ಸಿನ ಎಕ್ಸ್ ಎಂಬ ಊರಿನಲ್ಲಿ. ತಂದೆ ಮೊದಲು ಟೋಪಿ ವ್ಯಾಪಾರಿ, ಆಮೇಲೆ ಬ್ಯಾಂಕಿನ ಒಡೆಯ. ಮಗ ವಕೀಲನಾಗಲೆಂಬುದು ಅವನ ಹಟ. ನಮ್ಮ ಮನೆಗಳಲ್ಲಿ ಈ ಕತೆ ಹೊಸದೇನಲ್ಲ! ಮಗ ಕಾನೂನು ಬಿಟ್ಟು 1861ರಲ್ಲಿ ಪ್ಯಾರಿಸಿಗೆ ಹೋದ. ಅಲ್ಲಿನ ಸರಕಾರಿ ಪ್ರದರ್ಶನದವರು ಅವನ ಚಿತ್ರಗಳನ್ನು ಮತ್ತೆ ಮತ್ತೆ ಹಿಂದಕ್ಕೆ ಕಳಿಸಿದರು. 1872ರ ಸುಮಾರಿಗೆ ಹಿರಿಯ ಮಿತ್ರ ಪಿಸ್ಸಾರೊ ಅವನನ್ನು ಬಯಲಿಗೆ ಕರೆದೊಯ್ದು, ಬಿಸಿಲಿನಲ್ಲಿ ನಿಂತು ಬರೆಯುವುದನ್ನು ಕಲಿಸಿದ. ಅಲ್ಲಿಂದ ಅವನ ಹಲಗೆಯ ಮೇಲಿನ ಕಪ್ಪು ತಿಳಿಯಾಯಿತು.

ಶಾಲೆಯ ಗೆಳೆಯ ಎಮಿಲ್ ಜೋಲಾ 1886ರಲ್ಲಿ ಸೋತ ಚಿತ್ರಕಾರನೊಬ್ಬನ ಕಾದಂಬರಿ ಬರೆದ. ಅದರಿಂದಲೇ ಅವರ ಸ್ನೇಹ ಮುರಿಯಿತೆಂದು ಬಹುಕಾಲ ಎಲ್ಲರೂ ನಂಬಿದ್ದರು. ಆದರೆ 1887ರಲ್ಲಿ ಸೆಜಾನ್ ಜೋಲಾನಿಗೆ ಬರೆದ ಕಾಗದವೊಂದು ಈಚೆಗೆ ಹೊರಬಿದ್ದಿದೆ. ಗೆಳೆತನ ಅಷ್ಟು ಸುಲಭವಾಗಿ ಹರಿಯಲಿಲ್ಲವೆಂದು ತಿಳಿದು ನಮಗೆ ಸಮಾಧಾನವೇ ಆಯಿತು.

ಇನ್ನು ಬೆಟ್ಟದ ಮಾತು. ಸೇಂತ್ ವಿಕ್ತ್ವಾರ್ ಎಂಬ ಆ ಸುಣ್ಣಕಲ್ಲಿನ ಬೆಟ್ಟದ ಎತ್ತರ ಸುಮಾರು 1,011 ಮೀಟರು. ನಮ್ಮ ಘಟ್ಟದ ಶಿಖರಗಳ ಮುಂದೆ ದೊಡ್ಡದೇನಲ್ಲ. ಎಣ್ಣೆಬಣ್ಣದಲ್ಲಿ, ನೀರುಬಣ್ಣದಲ್ಲಿ ಹತ್ತಾರು ಸಲ ಬರೆದರೂ ಅವನಿಗೆ ತೃಪ್ತಿಯಿಲ್ಲ. ಮೊದಲಿನ ಚಿತ್ರಗಳಲ್ಲಿ ಪೈನ್ ಮರದ ಕೊಂಬೆ, ಹೊಲ, ರೈಲು ಸೇತುವೆ ಎಲ್ಲವೂ ಗುರುತು ಸಿಗುತ್ತವೆ. ಕೊನೆಕೊನೆಯವುಗಳಲ್ಲಿ ಹಸಿರು, ನೀಲಿ, ಕಾವಿಯ ತುಣುಕುಗಳು ಇಟ್ಟಿಗೆಯಂತೆ ಒಂದರ ಪಕ್ಕ ಒಂದು ನಿಂತಿವೆ. ಗೆರೆ ಎಳೆದು ತುಂಬಿಸಿದ್ದಲ್ಲ. ಬಿಸಿಬಣ್ಣ ಮುಂದಕ್ಕೆ ಬರುತ್ತದೆ, ತಂಪುಬಣ್ಣ ಹಿಂದೆ ಸರಿಯುತ್ತದೆ. ದೂರವೆಂಬುದು ಅಷ್ಟರಿಂದಲೇ ಹುಟ್ಟುತ್ತದೆ. ಅಲ್ಲಲ್ಲಿ ಬಟ್ಟೆ ಬರಿದಾಗಿಯೇ ಉಳಿದಿದೆ. ತಪ್ಪು ಬಣ್ಣ ಹಚ್ಚುವುದಕ್ಕಿಂತ ಖಾಲಿ ಬಿಡುವುದು ಅವನಿಗೆ ಮೇಲೆನಿಸಿತ್ತೆಂದು ನಮ್ಮ ಊಹೆ. ಮೊದಲ ಸಲ ಅಚ್ಚಿನಲ್ಲಿ ನೋಡಿದಾಗ ಇದು ಅರ್ಧಕ್ಕೆ ಬಿಟ್ಟ ಕೆಲಸವೆಂದು ನಾವು ನಕ್ಕಿದ್ದೆವು, ಅದನ್ನು ಮುಚ್ಚಿಡುವುದೇಕೆ?

1902ರಲ್ಲಿ ಊರಾಚೆಯ ಲೋವ್ ದಿಣ್ಣೆಯಲ್ಲಿ ಚಿತ್ರಶಾಲೆ ಕಟ್ಟಿಸಿದ. ದೊಡ್ಡ ಚಿತ್ರಗಳು ಬಾಗಿಲಲ್ಲಿ ಹಿಡಿಸುವುದಿಲ್ಲವೆಂದು ಗೋಡೆಯಲ್ಲಿ ಉದ್ದನೆಯ ಸೀಳು ಬಿಡಿಸಿದ್ದು ಈಗಲೂ ಇದೆ. ಅಲ್ಲಿಂದ ಇನ್ನೂ ಮೇಲೆ ನಡೆದರೆ ಬೆಟ್ಟ ಎದುರಿಗೆ. ಅವನು ಬದುಕಿದ್ದಾಗ ಊರಿನ ಕಲಾಸಂಗ್ರಹಾಲಯಕ್ಕೆ ಅವನ ಚಿತ್ರ ಬೇಡವಾಗಿತ್ತು; ಫ್ರೆಂಚ್ ಸರಕಾರ 1984ರಲ್ಲಿ ಕೆಲವನ್ನು ತಂದು ಅಲ್ಲಿಟ್ಟಿತು. ಆ ಹೊತ್ತಿಗೆ ಪಿಕಾಸೊ ಅದೇ ಬೆಟ್ಟದ ಬುಡದಲ್ಲಿ 1958ರಲ್ಲಿ ಕೋಟೆಮನೆ ಕೊಂಡು, 1973ರಲ್ಲಿ ಅಲ್ಲಿಯೇ ಮಣ್ಣಾಗಿ ವರ್ಷಗಳಾಗಿದ್ದವು.

1906ರ ಸೆಪ್ಟೆಂಬರಿನಲ್ಲಿ ಮುದುಕ ಮಗನಿಗೆ ಬರೆದ: ನದಿಯ ದಡದಲ್ಲಿ ಕೂತ ಜಾಗ ಬಿಡದೆ, ತುಸು ಎಡಕ್ಕೆ, ತುಸು ಬಲಕ್ಕೆ ಬಾಗಿದರೆ ಸಾಕು, ತಿಂಗಳುಗಟ್ಟಲೆ ಕೆಲಸವಿದೆ ಎಂಬ ಅರ್ಥದಲ್ಲಿ. ಅಕ್ಟೋಬರಿನಲ್ಲಿ ಬಯಲಲ್ಲಿ ಬರೆಯುತ್ತಿದ್ದಾಗ ಬಿರುಮಳೆಗೆ ಸಿಕ್ಕಿ ಕುಸಿದ. ಅಗಸರ ಬಂಡಿಯಲ್ಲಿ ಮನೆಗೆ ತಂದರು. ಮರುದಿನ ಬೆಳಗ್ಗೆ ಎದ್ದು ತೋಟದಲ್ಲಿ ಮತ್ತೆ ಕುಂಚ ಹಿಡಿದನಂತೆ. ಅಕ್ಟೋಬರ್ 17ರಂದು ಬಣ್ಣದಂಗಡಿಗೆ ಒಂದು ಕಾಗದ: ಕೇಳಿ ಎಂಟು ದಿನವಾದರೂ ಹತ್ತು ಕೊಳವೆ ಕೆಂಪು ಬಣ್ಣ ಏಕೆ ಬಂದಿಲ್ಲ? ಒಂದು ವಾರದೊಳಗೆ ಆತ ತೀರಿಕೊಂಡ.