ಬಾಲಾನಗರದಿಂದ ಒಂದು ಬೆಟ್ಟಕ್ಕೆ

(ಮಹಿಳಾ ವೇದಿಕೆಯ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



'ಋತುಗಳು ಮತ್ತು ನಮ್ಮ ತಿರುಗಾಟ' ಎಂಬ ವಿಷಯ ಕೊಟ್ಟು ಹತ್ತು ನಿಮಿಷ ಮಾತನಾಡಿ ಎಂದಿದ್ದಾರೆ. ಎಂ.ಟೆಕ್ ಓದಿ ಐಟಿಯಲ್ಲಿ ಕೆಲಸ ಮಾಡುವ ನನಗೆ ಸ್ಲೈಡ್ ಹಾಕಿಕೊಂಡು ಮಾತಾಡಿ ಅಭ್ಯಾಸ. ಇವತ್ತು ಸ್ಲೈಡ್ ಇಲ್ಲ. ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನೂರು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಬಾಲಾನಗರಕ್ಕೆ ಬಂದು ಒಂಬತ್ತು ವರ್ಷವಾಯಿತು. ಕಾರ್ಖಾನೆ, ವರ್ಕ್‌ಶಾಪ್, ಲಾರಿ, ಫ್ಲೈಓವರ್. ಇಲ್ಲಿ ಇರುವುದು ಎರಡೇ ಋತು, ಬೇಸಿಗೆ ಮತ್ತು ಟ್ರಾಫಿಕ್ ಎಂದು ನಾನೇ ತಮಾಷೆ ಮಾಡುತ್ತಿದ್ದೆ. ಮಳೆಗಾಲ ನೋಡಬೇಕಾದರೆ ಊರಿಗೇ ಹೋಗಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ನಮ್ಮ ಪ್ರಾಜೆಕ್ಟಿನಲ್ಲಿ ಮ್ಯಾಡ್ರಿಡ್‌ನ ಸಹೋದ್ಯೋಗಿಯೊಬ್ಬಳಿದ್ದಾಳೆ. ಸೋಮವಾರದ ಕಾಲ್ ಶುರುವಾಗುವ ಮೊದಲು ಭಾನುವಾರದ ಸುದ್ದಿ ಹೇಳುತ್ತಾಳೆ. ಅವಳ ನಗರದ ಉತ್ತರಕ್ಕೆ ಗ್ವಾದರ್ರಾಮಾ ಪರ್ವತಸಾಲು ಇದೆ. 2013ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನ ಮಾಡಿದರು. ನಗರದಿಂದ ರೈಲಿನಲ್ಲೇ ಅದರ ಬುಡಕ್ಕೆ ಹೋಗಬಹುದಂತೆ. ಚಳಿಗಾಲದಲ್ಲಿ ಹಿಮ, ಬೇಸಿಗೆಯಲ್ಲಿ ಪೈನ್ ಮರಗಳ ನೆರಳು, ಎಲೆ ಉದುರುವ ಕಾಲಕ್ಕೆ ಬುಟ್ಟಿ ಹಿಡಿದು ಅಣಬೆ ಹುಡುಕುವುದು. ನಮ್ಮೂರಲ್ಲೂ ಗುಡುಗು ಬಂದ ಮೇಲೆ ಅಣಬೆಗೆ ಹೋಗುತ್ತೇವೆ ಎಂದೆ. "ಹಾಗಾದರೆ ನಿನ್ನ ಬೆಟ್ಟ ಯಾವುದು?" ಎಂದು ಕೇಳಿದಳು. ಅದು ಆರುನೂರು ಕಿಲೋಮೀಟರಿಗೂ ದೂರ, ವರ್ಷಕ್ಕೊಂದು ವಾರ ಹೋಗುತ್ತೇನೆ ಎಂದೆ. "ಉಳಿದ ಐವತ್ತೊಂದು ವಾರ?" ಎಂದಳು. ನಾನು ಅಜೆಂಡಾ ಓದಲು ಶುರುಮಾಡಿದೆ.

ಆ ಪ್ರಶ್ನೆ ಮತ್ತೆ ನೆನಪಾದದ್ದು ಅಮ್ಮ ಬಂದ ಮೇಲೆ. ಅಪ್ಪ ತೀರಿಕೊಂಡ ವರ್ಷ, ಊರಿನ ಮನೆಗೆ ಬೀಗ ಹಾಕಿ ಅಮ್ಮನನ್ನು ಇಲ್ಲಿಗೆ ಕರೆತಂದೆವು. ನಾಲ್ಕನೇ ಮಹಡಿಯ ಫ್ಲ್ಯಾಟ್. ಭಾಷೆ ಬಾರದು. ಬೆಳಿಗ್ಗೆ ನಾವಿಬ್ಬರೂ ಆಫೀಸಿಗೆ, ಮಗಳು ಶಾಲೆಗೆ. ಅಮ್ಮ ಬಾಲ್ಕನಿಯಲ್ಲಿ. ಆರಿದ್ರಾ ಮಳೆ ಹೊತ್ತಿಗೆ ಇಲ್ಲೊಂದು ಜೋರು ಮಳೆ ಬಂತು, ಅರ್ಧ ಗಂಟೆಗೆ ನಿಂತಿತು. "ಇದೆಂಥ ಮಳೆ ಮಾರಾಯ್ತಿ, ಕಂಬಳಿಕೊಪ್ಪೆ ತೆಗೆಯೋದ್ರೊಳಗೆ ಮುಗೀತು" ಅಂದರು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ, ಹೈದರಾಬಾದಿನಲ್ಲಿ ಸುಮಾರು 800. ಅಮ್ಮನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ದಿನ ಕಳೆದ ಹಾಗೆ ಅಂಥ ಮಾತೂ ಕಡಿಮೆಯಾಯಿತು. ಊಟ ಅರ್ಧಕ್ಕೆ ಬಿಡುವುದು ಶುರುವಾಯಿತು. ಒಂದು ರಾತ್ರಿ ನನ್ನ ಲ್ಯಾಪ್‌ಟಾಪ್ ಪಕ್ಕ ಬಂದು ನಿಂತು, "ನನ್ನನ್ನ ಊರಿಗೆ ಬಿಟ್ಟು ಬಾ" ಅಂದರು. ಒಬ್ಬರನ್ನೇ ಅಲ್ಲಿ ಹೇಗೆ ಬಿಡಲಿ? ಇಲ್ಲಿ ಹೇಗೆ ಇಟ್ಟುಕೊಳ್ಳಲಿ?

ಆ ಶನಿವಾರ ಬೇರೇನೂ ತೋಚದೆ ಅನಂತಗಿರಿಗೆ ಹೊರಟೆವು. ವಿಕಾರಾಬಾದ್ ಪಟ್ಟಣದಿಂದ ಐದಾರು ಕಿಲೋಮೀಟರ್. ಲಿಂಗಂಪಲ್ಲಿಯಿಂದ ರೈಲು ಹಿಡಿದೆವು. ಅದೇ ಹಳಿ ಮುಂದೆ ತಾಂಡೂರು, ಸೇಡಂ ದಾಟಿ ವಾಡಿಗೆ ಹೋಗುತ್ತದೆ. ಈ ಮಾತು ಕೇಳಿಯೇ ಅಮ್ಮ ಕಿಟಕಿ ಪಕ್ಕ ಕೂತರು. ಅನಂತಗಿರಿ ಮಲೆನಾಡಲ್ಲ. "ಇದು ಬೆಟ್ಟವೇ? ನಮ್ಮ ಕಡೆ ಇದಕ್ಕೆ ಗುಡ್ಡ ಅಂತಾರೆ" ಅಂದರು ಅಮ್ಮ. ಆದರೆ ಶ್ರಾವಣದಲ್ಲಿ ಆ ಗುಡ್ಡ ಪೂರ್ತಿ ಹಸಿರು. ಅನಂತ ಪದ್ಮನಾಭಸ್ವಾಮಿ ದೇವಸ್ಥಾನದಿಂದ ಕಾಡಿನೊಳಗೆ ಇಳಿದರೆ ಸಣ್ಣ ತೊರೆ, ಕಲ್ಲಿನ ಮೇಲೆ ಪಾಚಿ, ಒದ್ದೆ ಎಲೆಯ ವಾಸನೆ. ಮೂಸಿ ನದಿ ಹುಟ್ಟುವುದು ಈ ಗುಡ್ಡಗಳಲ್ಲೇ ಎಂದು ಹೇಳಿದೆ. ಚಾದರ್‌ಘಾಟ್ ಸೇತುವೆ ಮೇಲೆ ನಾವು ಮೂಗು ಮುಚ್ಚಿಕೊಂಡು ದಾಟುವ ಅದೇ ಮೂಸಿ. ಅಮ್ಮ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ ನೀರಿಗಿಳಿದರು. ಬಹಳ ಹೊತ್ತು ಮೇಲೆ ಬರಲಿಲ್ಲ. ಮಗಳು ಅಜ್ಜಿಯ ಕೈ ಹಿಡಿದು ನಿಂತಿದ್ದಳು.

ಮನೆಗೆ ಬಂದ ಮೇಲೆ ಅಮ್ಮ ಕೇಳಿದರು, "ಆ ನೀರು ಕಡೆಗೆ ಎಲ್ಲಿಗೆ ಹೋಗ್ತದೆ?" ಉಪಗ್ರಹದಿಂದ ಇಡೀ ದೇಶದ ಕಾಡು, ಹೊಳೆ ನೋಡುವ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಇರುವುದು ನಮ್ಮ ಬಾಲಾನಗರದಲ್ಲೇ. ಅವರ 'ಭುವನ್' ನಕ್ಷೆ ತೆರೆದು ಮೂರು ತಲೆಮಾರೂ ಕೂತೆವು. ಮೂಸಿಯ ಗೆರೆ ಹಿಡಿದು ಹೋದರೆ ಗಂಡಿಪೇಟೆ, ಅಂದರೆ ಉಸ್ಮಾನ್ ಸಾಗರ. 1908ರ ಸೆಪ್ಟೆಂಬರ್ 28ರ ಪ್ರವಾಹದಲ್ಲಿ ಈ ನಗರ ಸಾವಿರಾರು ಜನರನ್ನು ಕಳೆದುಕೊಂಡಿತು. ಮರುವರ್ಷ ನಿಜಾಮರ ಸರ್ಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರು ಹೇಳಿದಂತೆ ಎರಡು ಜಲಾಶಯಗಳಾದವು: ಮೂಸಿಗೆ 1920ರಲ್ಲಿ ಉಸ್ಮಾನ್ ಸಾಗರ, ಅದರ ಉಪನದಿ ಈಸಿಗೆ 1927ರಲ್ಲಿ ಹಿಮಾಯತ್ ಸಾಗರ. ನಗರ ದಾಟಿದ ಮೂಸಿ ನಲ್ಗೊಂಡ ಜಿಲ್ಲೆಯ ವಾಡಪಲ್ಲಿಯಲ್ಲಿ ಕೃಷ್ಣೆಗೆ ಸೇರುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ಕೃಷ್ಣೆಯಲ್ಲಿ ತುಂಗಭದ್ರೆ ಆಗಲೇ ಬೆರೆತಿರುತ್ತಾಳೆ. ಅಮ್ಮ ಬೆರಳಿನಿಂದ ಎರಡೂ ಗೆರೆ ಮುಟ್ಟಿ ನೋಡಿದರು. "ಹಂಗಾದ್ರೆ ನಮ್ಮ ತುಂಗೆ ನೀರೂ ಇಲ್ಲಿಗೇ ಬರ್ತದೆ" ಅಂದರು. ಅವತ್ತು ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಆಮೇಲೆ ನಾವು ಋತು ನೋಡಿ ಹೊರಡಲು ಕಲಿತೆವು. ಮಹಾಲಯ ಅಮಾವಾಸ್ಯೆಯಿಂದ ಬತುಕಮ್ಮ. ನಾವು ಆವರಿಕೆ, ತಂಗಡಿ ಎನ್ನುವ ಹಳದಿ ಹೂವೇ ಇವರ ತಂಗೇಡು, ತೆಲಂಗಾಣದ ರಾಜ್ಯಪುಷ್ಪ. ಕೆಳಗಿನ ಮನೆಯ ಅತ್ತಮ್ಮ ಅಮ್ಮನ ಕೈಗೂ ಹೂ ಕೊಟ್ಟು ಜೋಡಿಸಲು ಕೂರಿಸಿಕೊಂಡರು. ಭಾಷೆ ಅಡ್ಡ ಬರಲಿಲ್ಲ. ಅದೇ ಹೊತ್ತಿಗೆ ಸೀತಾಫಲ. 'ಬಾಲಾನಗರ' ಎಂಬ ಹೆಸರಿನ ಪ್ರಸಿದ್ಧ ತಳಿಯೇ ಇದೆ. ಆದರೆ ಅದು ನಮ್ಮ ಬಾಲಾನಗರದ್ದಲ್ಲ, ಬೆಂಗಳೂರು ಹೆದ್ದಾರಿಯಲ್ಲಿ ಮಹಬೂಬ್‌ನಗರ ಜಿಲ್ಲೆಯ ಬಾಲಾನಗರದ್ದು. ಒಂದು ಭಾನುವಾರ ಅಲ್ಲಿಗೂ ಹೋಗಿ ಬುಟ್ಟಿ ತುಂಬಿಕೊಂಡು ಬಂದೆವು. ಚಳಿಗಾಲಕ್ಕೆ ಅಮೀನ್‌ಪುರ ಕೆರೆ. 2016ರಲ್ಲಿ ಜೀವವೈವಿಧ್ಯ ಪರಂಪರೆ ತಾಣ ಎಂದು ಘೋಷಿಸಿದ ಕೆರೆ ಅದು. ವಲಸೆ ಹಕ್ಕಿ ನೋಡಲು ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು.

ಅಮ್ಮ ಊರು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಅಡಿಕೆ ಕೊಯ್ಲಿಗೆ ಹೋಗುತ್ತಾರೆ, ಎಳ್ಳಮಾವಾಸ್ಯೆ ಜಾತ್ರೆ ಮುಗಿಸಿ ಬರುತ್ತಾರೆ. ಕೆಲವು ರಾತ್ರಿ ಈಗಲೂ ಮಾತಿಲ್ಲದೆ ಬಾಲ್ಕನಿಯಲ್ಲಿ ಕೂರುತ್ತಾರೆ. ಆದರೆ ಮೋಡ ಕಟ್ಟಿದರೆ, "ಅನಂತಗಿರಿಯಲ್ಲಿ ನೀರು ಬಂದಿರಬಹುದಾ?" ಎಂದು ಕೇಳುತ್ತಾರೆ.

ಗೆಳತಿಯರೇ, ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೀಗೆ ಬಾಲ್ಕನಿಯಲ್ಲಿ ಕೂತ ಅಮ್ಮ, ಅತ್ತೆ ಇದ್ದಾರೆ. ಹೊರಡುವ ಮಾತು ಬಂದರೆ ನಾವು ಮೊದಲು ಅಡುಗೆಮನೆ ನೋಡುತ್ತೇವೆ. ಪುಳಿಯೋಗರೆ, ಮೊಸರನ್ನ ಆಗದೆ ಚಪ್ಪಲಿ ಹಾಕುವುದಿಲ್ಲ. ಬುತ್ತಿ ಕಟ್ಟುವ ಕೆಲಸ ಮನೆಯ ಗಂಡಸರಿಗೂ ಬರುತ್ತದೆ, ನಾನು ಮಾಡಿಸಿ ನೋಡಿದ್ದೇನೆ. ಉಪ್ಪು ಸ್ವಲ್ಪ ಹೆಚ್ಚಾಗಿತ್ತು, ಅಷ್ಟೇ.

ವೇದಿಕೆಯ ಕಡೆಯಿಂದ ಋತುವಿಗೊಂದು ಸಲ ಹೊರಡೋಣ, ಹಿರಿಯರನ್ನು ಜೊತೆಗೆ ಕರೆದುಕೊಂಡೇ ಹೊರಡೋಣ ಎಂಬುದು ನನ್ನ ಕೋರಿಕೆ. ಮೊದಲ ಸಲ ಅನಂತಗಿರಿಗೆ. ಹೆಸರು ಕೊಡುವವರು ಹಿಂದಿನ ಸಾಲಿನಲ್ಲಿ ನೀಲಿ ಸೀರೆ ಉಟ್ಟು ಕೂತಿರುವ ನನ್ನ ಅಮ್ಮನ ಹತ್ತಿರ ಕೊಡಿ. ಪಟ್ಟಿ ಬರೆಯುವ ಜವಾಬ್ದಾರಿ ಅವರೇ ವಹಿಸಿಕೊಂಡಿದ್ದಾರೆ.