ಬೆಂಗಳೂರಿನ ಪಾಠ, ಔರಾದಿನ ಪೇಶಂಟು



ಬೀದರಿನಿಂದ ಬೆಂಗಳೂರಿಗೆ ಹೆಚ್ಚೂಕಡಿಮೆ 700 ಕಿಲೋಮೀಟರ್. ಹೈದರಾಬಾದಿಗೆ 140ರ ಆಸುಪಾಸು. ಹೀಗಾಗಿ ನರದ ಕಾಯಿಲೆ ಅಂದರೆ ಬೀದರಿನವರು ಹೈದರಾಬಾದ್ ಬಸ್ಸು ಹತ್ತುತ್ತಾರೆ. ಇದೇ ಜಿಲ್ಲೆಯ ಭಾಲ್ಕಿ ಕಡೆಯವರಿಗೆ ಲಾತೂರು, ಸೊಲ್ಲಾಪುರ ಗೊತ್ತು. ಔರಾದಿನವರು ಗಡಿ ದಾಟಿ ಉದಗೀರ, ನಾಂದೇಡಿನ ಹಾದಿ ಹಿಡಿಯುತ್ತಾರೆ. ರಾಜಧಾನಿಯ ದೊಡ್ಡ ದವಾಖಾನೆ ಇವರ ಪಾಲಿಗೆ ಕೊನೆಯ ನಿಲ್ದಾಣ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಹೊಲದ ಮೇಲೆ ಸಾಲ ಆಗಿರುತ್ತದೆ, ಕಾಯಿಲೆ ಬಲಿತಿರುತ್ತದೆ.

ಅಪರೂಪದ ನರರೋಗಗಳ ಕಷ್ಟವೇ ಇದು. ಸಕ್ಕರೆ ಕಾಯಿಲೆಯನ್ನು ತಾಲ್ಲೂಕು ಡಾಕ್ಟರು ದಿನಕ್ಕೆ ಹತ್ತು ಸಲ ನೋಡುತ್ತಾರೆ. ವಿಲ್ಸನ್ ಕಾಯಿಲೆ ಎಂಬ ಅಪರೂಪದ ರೋಗವನ್ನು ಇಡೀ ವೃತ್ತಿಜೀವನದಲ್ಲಿ ಒಮ್ಮೆ ನೋಡಿದರೆ ಹೆಚ್ಚು. ಮನೋರೋಗ, ನರರೋಗಗಳ ದೊಡ್ಡ ದವಾಖಾನೆಯಾದ ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು 2007ರಲ್ಲಿ ಈ ರೋಗದ ಬಗ್ಗೆ ದೊಡ್ಡದೊಂದು ವರದಿ ಪ್ರಕಟಿಸಿದರು. ಮೂರು ದಶಕಗಳಲ್ಲಿ ಅವರು ಕಂಡ ರೋಗಿಗಳು 282. ನಾಲ್ಕಾರು ರಾಜ್ಯಗಳ ಜನ ಬರುವ ಸಂಸ್ಥೆಯಲ್ಲೇ ಲೆಕ್ಕ ಇಷ್ಟಾದರೆ ಔರಾದಿನ ಡಾಕ್ಟರ ಮುಂದೆ ಅಂಥ ಪೇಶಂಟು ಬಂದು ಕೂತಾಗ ಅವರಿಗೆ ಅದು ಹೊಳೆಯುವುದು ಹೇಗೆ? ಕಾಲೇಜಿನಲ್ಲಿ ಓದಿದ ಪುಟ ಎಂದೋ ಮರೆತುಹೋಗಿರುತ್ತದೆ. ಆ ಪುಟವನ್ನು ಬೇಕಾದ ಹೊತ್ತಿಗೆ ತೆರೆದು ತೋರಿಸುವ ಕೆಲಸವನ್ನು ಈಗ ಆನ್‌ಲೈನ್ ಪಾಠ ಮಾಡುತ್ತಿದೆ. ಅದು ಇಲ್ಲಿಯವರೆಗೆ ಹೇಗೆ ನಡೆದು ಬಂತು ಎಂಬುದನ್ನು ಇವತ್ತು ಹೇಳುತ್ತೇನೆ.

ದೂರದ ವಿದ್ವಾಂಸರಿಂದ ಕಲಿಯುವ ಹಂಬಲ ಬೀದರಿಗೆ ಹೊಸದೇನಲ್ಲ. 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಪರದೇಶದ ಪಂಡಿತರಿಗೆ ಓಲೆ ಬರೆದು ಕರೆಸಿಕೊಳ್ಳುತ್ತಿದ್ದ. ಪಾರಸಿ ಕವಿ ಜಾಮಿ ಬರಲಿಲ್ಲ, ಆದರೆ ಇಬ್ಬರ ನಡುವೆ ಪತ್ರ ವ್ಯವಹಾರ ನಡೆದೇ ಇತ್ತು. ಆ ಕಾಲಕ್ಕೆ ಅಷ್ಟೇ ಸಾಧ್ಯವಿತ್ತು.

ಐನೂರು ವರ್ಷ ದಾಟಿ ಬರೋಣ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ನಮ್ಮ ವಿಜ್ಞಾನಿಗಳು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ಕಳಿಸಿದರು. ಸೈಟ್ ಎಂದು ಅದರ ಹೆಸರು. ಕರ್ನಾಟಕದ ಹಳ್ಳಿಗಳಿದ್ದದ್ದು ಪಕ್ಕದ ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳಲ್ಲಿ. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಎಲ್ಲ ಕನ್ನಡದಲ್ಲೇ ಬಂದವು. ಶಾಲಾ ಮಾಸ್ತರರಿಗೆ ವಿಜ್ಞಾನದ ತರಬೇತಿಯೂ ಇದರಲ್ಲೇ ನಡೆಯಿತು. ಈ ಸೀಮೆಯ ದೂರಶಿಕ್ಷಣದ ಚರಿತ್ರೆ ಅಲ್ಲಿಂದ ಶುರು ಎಂದು ನಾನು ಲೆಕ್ಕ ಹಿಡಿಯುತ್ತೇನೆ. ಆದರೆ ಆ ಪಾಠಕ್ಕೊಂದು ಕೊರತೆ ಇತ್ತು: ಕೇಳುವವರು ತಿರುಗಿ ಪ್ರಶ್ನೆ ಕೇಳುವಂತಿರಲಿಲ್ಲ.

ಅದೇ ಹೊತ್ತಿಗೆ, 1974ರ ಕೊನೆಯಲ್ಲಿ, ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು. ಬೆಂಗಳೂರಿನ ಹೊರಗೆ ಸಕಲವಾರ ಎಂಬ ಹಳ್ಳಿಯಲ್ಲಿ ಆ ಸಂಸ್ಥೆಯವರು ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಮತ್ತು ಮೂರ್ಛೆರೋಗ ಗುರುತಿಸುವುದನ್ನು ಕಲಿಸಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆ ಇದಕ್ಕೆ ಮಾದರಿಯಾಯಿತು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಅಲ್ಲಿಂದಲೇ. ಆದರೆ ತರಬೇತಿಗೆ ಡಾಕ್ಟರು ಊರು ಬಿಟ್ಟು ಹೋಗಬೇಕಿತ್ತು. ಒಬ್ಬರೇ ಡಾಕ್ಟರಿರುವ ದವಾಖಾನೆಯಲ್ಲಿ ಅವರು ಎರಡು ವಾರ ಹೋದರೆ ಬಾಗಿಲು ಕಾಯುವವರು ಕಂಪೌಂಡರು ಮಾತ್ರ.

ಇಲ್ಲಿ ಒಂದು ಕಥೆಯನ್ನು ಸಾವಕಾಶವಾಗಿ ಹೇಳಬೇಕು. ತಲೆಗೆ ಬಿಸಿನೀರು ಹಾಕಿಕೊಂಡರೆ ಫಿಟ್ಸ್ ಬರುವ ಒಂದು ಕಾಯಿಲೆ ಇದೆ. 1945ರಲ್ಲಿ ನ್ಯೂಜಿಲೆಂಡಿನಿಂದ ಇದರ ಮೊದಲ ವರದಿ ಬಂದಾಗ ಜಗತ್ತಿನ ವೈದ್ಯರು ಇದೊಂದು ವಿಚಿತ್ರ ಎಂದು ಬದಿಗಿಟ್ಟರು. 1968ರಲ್ಲಿ ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಜೊತೆಯವರು, ನಮ್ಮಲ್ಲಿ ಇಂಥ ರೋಗಿಗಳು ಒಬ್ಬಿಬ್ಬರಲ್ಲ ಎಂದು ಬರೆದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶಚಂದ್ರ ಮತ್ತಿತರರು 279 ರೋಗಿಗಳ ವಿವರ ಪ್ರಕಟಿಸಿದರು. ಚೊಂಬಿನಿಂದ ನೆತ್ತಿಯ ಮೇಲೆ ಬಿಸಿಬಿಸಿ ನೀರು ಒಂದೇ ಸಮನೆ ಸುರಿದುಕೊಳ್ಳುವ ನಮ್ಮ ಎಣ್ಣೆಸ್ನಾನದ ಮನೆಗಳಲ್ಲೇ ಇದು ಹೆಚ್ಚು. ತಾಯಂದಿರು ಮಗುವಿಗೆ ಎರೆಯುವಾಗ ಅದರ ಕಣ್ಣು ಮೇಲೆ ಹೋಗುವುದನ್ನು ನೋಡಿದ್ದರು, ಗಾಳಿ ಸೋಂಕು ಎಂದುಕೊಂಡಿದ್ದರು. ಪರಿಹಾರವೇನೋ ಸರಳ. ನೀರು ಉಗುರುಬೆಚ್ಚಗಿರಲಿ. ಮೊದಲು ಮೈಗೆ ಹಾಕಿ, ತಲೆಗೆ ಆಮೇಲೆ. ಅಷ್ಟಕ್ಕೂ ನಿಲ್ಲದಿದ್ದರೆ ತಲೆಸ್ನಾನಕ್ಕೆ ಮುಂಚೆ ವೈದ್ಯರು ಹೇಳಿದ ಮಾತ್ರೆ. ಪುಸ್ತಕದಲ್ಲಿ ಅಪರೂಪ ಎಂದಿದ್ದದ್ದು ನಮ್ಮ ಬಚ್ಚಲಿನಲ್ಲಿ ಅಪರೂಪವಾಗಿರಲಿಲ್ಲ. ಹಳ್ಳಿಯಿಂದ ಬಂದ ರೋಗಿ ಹೇಳಿದ್ದನ್ನು ನಗರದ ತಜ್ಞ ಕಿವಿಗೊಟ್ಟು ಕೇಳಿದ್ದರಿಂದ ಜಗತ್ತಿನ ಪಠ್ಯಕ್ಕೆ ಒಂದು ಅಧ್ಯಾಯ ಸೇರಿತು. ಇದೇ ಡಾ. ಮಣಿ 1990ರ ಸುಮಾರಿಗೆ ಯಳಂದೂರು ತಾಲ್ಲೂಕಿನಲ್ಲಿ ಸುಮಾರು 65 ಸಾವಿರ ಜನರ ನಡುವೆ ಮೂರ್ಛೆರೋಗಿಗಳನ್ನು ಹುಡುಕಿ, ಅಗ್ಗದ ಹಳೆಯ ಮಾತ್ರೆಗಳಿಂದಲೇ ಹಳ್ಳಿಯಲ್ಲಿ ಚಿಕಿತ್ಸೆ ಸಾಧ್ಯ ಎಂದು ತೋರಿಸಿಕೊಟ್ಟರು.

ಇನ್ನೊಂದು ಪಾಠವನ್ನು ಪೋಲಿಯೊ ಕಲಿಸಿತು. 1997ರಿಂದ, ಹದಿನೈದರ ಒಳಗಿನ ಯಾವ ಮಗುವಿನ ಕೈಕಾಲು ದಿಢೀರನೆ ಸೋತರೂ ತಕ್ಷಣ ವರದಿ ಮಾಡಬೇಕು ಎಂಬ ನಿಯಮ ಬಂತು. ಇದರಿಂದ ಮೂಲೆಯ ಡಾಕ್ಟರೂ ಗಿಲಾನ್ ಬಾರೆ ಎಂಬ ನರರೋಗದ ಹೆಸರು ಕಲಿತರು, ಯಾಕೆಂದರೆ ಹೀಗೆ ವರದಿಯಾದ ಮಕ್ಕಳಲ್ಲಿ ಹಲವರಿಗೆ ಇದ್ದದ್ದು ಅದೇ. 2014ರಲ್ಲಿ ದೇಶ ಪೋಲಿಯೊಮುಕ್ತ ಎಂದು ಘೋಷಣೆಯಾಯಿತು, ಕಲಿತದ್ದು ಉಳಿಯಿತು.

ಇನ್ನು ಉಪಗ್ರಹದ ಎರಡನೆಯ ಸುತ್ತು. 2000ದ ನಂತರ ಇಸ್ರೊ ನೆರವಿನಿಂದ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೂ ಚಾಮರಾಜನಗರದ ಜಿಲ್ಲಾಸ್ಪತ್ರೆಗೂ ಸಂಪರ್ಕ ಏರ್ಪಟ್ಟಿತು. 2004ರಲ್ಲಿ ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಹಾರಿತು. ಕೆಲಸ ಒಳ್ಳೆಯದೇ. ಆದರೆ ಡಿಶ್ಶು, ಪ್ರತ್ಯೇಕ ಕೋಣೆ, ಅದನ್ನು ನೋಡಿಕೊಳ್ಳುವ ಒಬ್ಬ ಮನುಷ್ಯ, ಇಷ್ಟೂ ಬೇಕು. ಆ ಮನುಷ್ಯನಿಗೆ ವರ್ಗವಾದರೆ ಕೋಣೆಗೆ ಬೀಗ. ನಮ್ಮ ಸರ್ಕಾರಿ ಕಚೇರಿಗಳ ಕಥೆ ನಿಮಗೆ ಗೊತ್ತಿರುವುದೇ.

ನಿಜವಾದ ತಿರುವು ಬಂದದ್ದು ದೂರದ ಅಮೆರಿಕದ ನ್ಯೂ ಮೆಕ್ಸಿಕೊದಿಂದ. ಅಲ್ಲಿ ಡಾ. ಸಂಜೀವ್ ಅರೋರಾ ಎಂಬ ಭಾರತೀಯ ಮೂಲದ ಯಕೃತ್ ತಜ್ಞರಿದ್ದರು. ಹೆಪಟೈಟಿಸ್ ಸಿ ರೋಗಿಗಳು ಅವರನ್ನು ಕಾಣಲು ಎಂಟು ತಿಂಗಳು ಕಾಯಬೇಕಿತ್ತು. 2003ರಲ್ಲಿ ಅವರು ಇಕೋ ಎಂಬ ಯೋಜನೆ ತಂದರು. ರೋಗಿ ತಜ್ಞನ ಹತ್ತಿರ ಬರುವುದು ಬೇಡ, ರೋಗಿಯ ಊರಿನ ಡಾಕ್ಟರೇ ವಾರಕ್ಕೊಮ್ಮೆ ವಿಡಿಯೊದಲ್ಲಿ ಬಂದು ತನ್ನ ಪೇಶಂಟಿನ ವಿಷಯ ಹೇಳಲಿ, ತಜ್ಞರೂ ಉಳಿದ ಊರುಗಳ ಡಾಕ್ಟರೂ ಕೂಡಿ ಚರ್ಚಿಸಲಿ ಎಂಬ ವಿಚಾರ. 2011ರಲ್ಲಿ ಫಲಿತಾಂಶ ಹೊರಬಂತು. ತಜ್ಞರ ಕ್ಲಿನಿಕ್ಕಿನಲ್ಲಿ ಗುಣವಾದವರು ನೂರಕ್ಕೆ 57.5, ಹಳ್ಳಿ ಡಾಕ್ಟರ ಕೈಯಲ್ಲಿ 58.2. ಈ ಎರಡು ಅಂಕಿಗಳನ್ನು ನೋಡಿದ ಮೇಲೆ, ಹಳ್ಳಿ ಡಾಕ್ಟರಿಗೆ ಇದೆಲ್ಲ ಆಗದು ಎನ್ನುವ ಮಾತನ್ನು ನಾನಂತೂ ಒಪ್ಪಲಾರೆ. 2014ರಲ್ಲಿ ನಿಮ್ಹಾನ್ಸ್ ಇದೇ ದಾರಿ ಹಿಡಿಯಿತು. ಮೊದಲು ಮಾನಸಿಕ ಕಾಯಿಲೆ, ಕುಡಿತದ ಚಟದ ಚಿಕಿತ್ಸೆಗೆ. ಆಮೇಲೆ ಬೇರೆ ವಿಷಯಗಳಿಗೂ.

ಇಂಥದೊಂದು ತರಗತಿ ಹೇಗಿರುತ್ತದೆ ಎಂದು ಕಲ್ಪಿಸಿಕೊಳ್ಳಿ. ಮಧ್ಯಾಹ್ನ ಒಪಿಡಿ ಮುಗಿದಿದೆ. ಔರಾದಿನ ಡಾಕ್ಟರು ಮೇಜಿನ ಮೇಲೆ ಮೊಬೈಲನ್ನು ಔಷಧಿ ಡಬ್ಬಿಗೆ ಒರಗಿಸಿ ಕೂತಿದ್ದಾರೆ. ಪರದೆಯ ತುಂಬ ಚಿಕ್ಕಚಿಕ್ಕ ಚೌಕಗಳಲ್ಲಿ ಬೇರೆ ಜಿಲ್ಲೆಗಳ ಮುಖಗಳು. ಮೊದಲ ಐದು ನಿಮಿಷ “ಸರ್, ಆಡಿಯೋ ಬರ್ತಿಲ್ಲ” ಎನ್ನುವುದರಲ್ಲೇ ಹೋಗುತ್ತದೆ. ಆಮೇಲೆ ಅವರು ಹೆಸರು ಹೇಳದೆ ತಮ್ಮ ರೋಗಿಯ ವಿವರ ಇಡುತ್ತಾರೆ. ಹದಿನಾರು ವರ್ಷದ ಹುಡುಗ. ಅಕ್ಷರ ಕೆಟ್ಟಿದೆ, ಮಾತು ತೊದಲುತ್ತದೆ, ಸಿಟ್ಟು ವಿಪರೀತ. ತಾಯಿ, “ಬಾಯಾಗಿಂದ ಜೊಲ್ಲು ಸುರೀತದರಿ, ಕೈ ನಡಗ್ತಾವರಿ” ಎನ್ನುತ್ತಾಳೆ. ಎರಡು ವರ್ಷದ ಹಿಂದೆ ಕಾಮಾಲೆ ಆಗಿತ್ತು. ಅಪ್ಪ ಅಮ್ಮ ಸೋದರ ಸಂಬಂಧ.

ಬೆಂಗಳೂರಿನ ತಜ್ಞರು ತಕ್ಷಣ ಉತ್ತರ ಹೇಳುವುದಿಲ್ಲ. ಬೇರೆ ಊರಿನ ಡಾಕ್ಟರನ್ನು ಕೇಳುತ್ತಾರೆ, ನಿಮಗೇನನ್ನಿಸುತ್ತದೆ? ಒಬ್ಬರು ಮನೋರೋಗ ಎನ್ನುತ್ತಾರೆ, ಇನ್ನೊಬ್ಬರು ಯಕೃತ್ತು ಎನ್ನುತ್ತಾರೆ. ಆಗ ತಜ್ಞರ ಪ್ರಶ್ನೆ: “ಕಣ್ಣಿಗೆ ಟಾರ್ಚು ಹಾಕಿ ನೋಡಿದಿರಾ?” ಕಪ್ಪುಗುಡ್ಡೆಯ ಅಂಚಿನಲ್ಲಿ ಕಂದು-ಹಸಿರು ಉಂಗುರ ಕಂಡರೆ ಅದು ತಾಮ್ರ. ವಿಲ್ಸನ್ ಕಾಯಿಲೆಯಲ್ಲಿ ದೇಹ ತಾಮ್ರವನ್ನು ಹೊರಗೆ ಹಾಕಲಾರದೆ ಯಕೃತ್ತು, ಮಿದುಳು, ಕಣ್ಣಿನಲ್ಲಿ ಗುಡ್ಡೆ ಹಾಕಿಕೊಳ್ಳುತ್ತದೆ. ಉಂಗುರ ಬರಿಗಣ್ಣಿಗೆ ಕಾಣದಿದ್ದರೂ ಇಲ್ಲವೆಂದಲ್ಲ, ಕಣ್ಣಿನ ಡಾಕ್ಟರ ಸ್ಲಿಟ್ ಲ್ಯಾಂಪಿನಲ್ಲಿ ನೋಡಿಸಬೇಕು, ರಕ್ತ, ಮೂತ್ರ ಪರೀಕ್ಷೆ ಮಾಡಿಸಬೇಕು. ಬೇಗ ಗೊತ್ತಾದರೆ ಪೆನಿಸಿಲಮೈನ್, ಸತು ಇವುಗಳಿಂದ ಆ ಹುಡುಗ ಮತ್ತೆ ಕಾಲೇಜಿಗೆ ಹೋಗಬಹುದು. ಇಲ್ಲದಿದ್ದರೆ ಹುಚ್ಚು ಹಿಡಿದಿದೆ ಎಂದು ಮಠ, ದರ್ಗಾ, ಮಂತ್ರವಾದಿ ಅಲೆದಾಟ. ಇನ್ನೂ ಒಂದು ಮಾತು ತಜ್ಞರು ಸೇರಿಸುತ್ತಾರೆ: ಅವನ ತಮ್ಮ ತಂಗಿಯರನ್ನೂ ಪರೀಕ್ಷಿಸಿ, ರೋಗ ಇನ್ನೂ ಹೊರಗೆ ಕಾಣಿಸಿರಲಿಕ್ಕಿಲ್ಲ.

ಅವತ್ತು ಆ ಒಂದು ಕೇಸಿನಿಂದ ಕಲಿತವರು ಔರಾದಿನವರೊಬ್ಬರೇ ಅಲ್ಲ. ಒಬ್ಬ ಡಾಕ್ಟರಿಗೆ ಜನ್ಮಕ್ಕೊಮ್ಮೆ ಬರುವ ರೋಗ, ನಲವತ್ತು ಡಾಕ್ಟರು ಕೂಡಿ ಕೂತ ಕಡೆ ಮತ್ತೆ ಮತ್ತೆ ಬರುತ್ತದೆ. ಸಂಜೆಯಾಗುತ್ತಲೇ ರೆಪ್ಪೆ ಜೋತುಬೀಳುವ ಮಯಸ್ತೇನಿಯಾ ರೋಗವನ್ನೂ ಹೀಗೇ ಕಲಿಸಬಹುದು. ಬಟ್ಟೆಯಲ್ಲಿ ಸುತ್ತಿದ ಐಸನ್ನು ರೆಪ್ಪೆಯ ಮೇಲೆ ಎರಡು ನಿಮಿಷ ಇಟ್ಟಾಗ ರೆಪ್ಪೆ ಮೇಲೆದ್ದರೆ ಅನುಮಾನ ಬಲವಾಯಿತು. ಯಂತ್ರ ಬೇಕಿಲ್ಲ, ದವಾಖಾನೆಯ ಎದುರಿನ ಕೋಲ್ಡ್‌ಡ್ರಿಂಕ್ ಅಂಗಡಿಯ ಐಸು ಸಾಕು.

2020ರ ಕೊರೋನಾ ಕಾಲದಲ್ಲಿ ವಿಡಿಯೊ ತರಗತಿ ಎಲ್ಲರಿಗೂ ರೂಢಿಯಾಯಿತು. ಅದೇ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಟೆಲಿಮೆಡಿಸಿನ್‌ಗೆ ನಿಯಮ ಮಾಡಿತು. 2022ರ ಜನವರಿಯಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಕೂಡಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮವನ್ನು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರ ಆಸ್ಪತ್ರೆಯಲ್ಲಿ ಆರಂಭಿಸಿದವು. ಉಳಿದ ಜಿಲ್ಲೆಗಳಿಗೆ ವಿಸ್ತರಿಸುವ ತೀರ್ಮಾನ ಆಮೇಲೆ ಬಂತು. ಅದರಲ್ಲಿ ಕಲಿಸುವುದು ತಲೆನೋವು, ಮೂರ್ಛೆ, ಪಾರ್ಶ್ವವಾಯು, ಮರೆವಿನ ಕಾಯಿಲೆ. ಅಪರೂಪದ್ದೇನೂ ಅಲ್ಲವಲ್ಲ ಎನ್ನಬಹುದು. ಆದರೆ ಸಾಮಾನ್ಯ ನರರೋಗವನ್ನು ಸರಿಯಾಗಿ ಪರೀಕ್ಷಿಸಲು ಬಂದವರಿಗೇ ಅದಕ್ಕೆ ಹೊಂದದ ಅಪರೂಪದ್ದು ಕಣ್ಣಿಗೆ ಬೀಳುವುದು.

ಹಳ್ಳಿಗೆ ಇದರ ಅಗತ್ಯ ಎಷ್ಟು ಎಂಬುದಕ್ಕೆ 2004ರಲ್ಲಿ ಪ್ರಕಟವಾದ ಬೆಂಗಳೂರು ಸುತ್ತಿನ ಸಮೀಕ್ಷೆ ಸಾಕ್ಷಿ. ಲಕ್ಷ ಜನರಲ್ಲಿ ನರರೋಗಿಗಳು ನಗರದಲ್ಲಿ 2,190, ಹಳ್ಳಿಯಲ್ಲಿ 4,070. ರೋಗ ಹಳ್ಳಿಯಲ್ಲಿ, ತಜ್ಞರು ನಗರದಲ್ಲಿ.

ಹಾಗೆಂದು ಆನ್‌ಲೈನ್ ಪಾಠವನ್ನು ಹೊಗಳುತ್ತಲೇ ಕೂರಲಾರೆ. ವೈದ್ಯರು ಐದು ವರ್ಷಕ್ಕೆ 30 ಗಂಟೆ ಮುಂದುವರಿದ ಶಿಕ್ಷಣ ಪಡೆಯಬೇಕೆಂಬ ನಿಯಮವಿದೆ. ಅದಕ್ಕಾಗಿ ಕ್ಯಾಮೆರಾ ಆಫ್ ಮಾಡಿ, ಲಾಗಿನ್ ಆಗಿ, ಊಟಕ್ಕೆ ಹೋಗಿ ಸರ್ಟಿಫಿಕೇಟ್ ಪಡೆಯುವವರೂ ಇದ್ದಾರೆ. ತಜ್ಞರು ಎಪ್ಪತ್ತು ಸ್ಲೈಡು ಓದಿ ಮುಗಿಸುವ ತರಗತಿ ಸೈಟ್ ಕಾಲದ ಟಿವಿಗಿಂತ ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ತನ್ನ ರೋಗಿಯನ್ನು ತರದೆ ಕೂತ ಡಾಕ್ಟರು ಅಲ್ಲಿಂದ ತೆಗೆದುಕೊಂಡು ಹೋಗುವುದು ಬಹಳ ಕಡಿಮೆ. ರೋಗ ಗುರುತಿಸಿದ ಮೇಲೆ ಎಂಆರ್‌ಐ, ವಂಶವಾಹಿ ಪರೀಕ್ಷೆ, ತುಟ್ಟಿ ಔಷಧಿ ಎಲ್ಲಿಂದ ತರಬೇಕು? 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಮಾನವ ತಳಿವಿಜ್ಞಾನ ಕೇಂದ್ರ ಸೇರಿ ಒಂದು ಉತ್ಕೃಷ್ಟತಾ ಕೇಂದ್ರವಾಗಿವೆ. ನೀತಿಯ ಪಟ್ಟಿಯಲ್ಲಿರುವ ರೋಗಗಳಿಗೆ ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿವರೆಗೆ ನೆರವುಂಟು. ಆದರೆ ಆ ಬಾಗಿಲಿಗೆ ಚೀಟಿ ಬರೆದು ಕಳಿಸಬೇಕಾದವರು ತಾಲ್ಲೂಕಿನ ಡಾಕ್ಟರು. ಅವರಿಗೆ ಆ ನೆರವಿನ ಸುದ್ದಿಯನ್ನೂ ಇದೇ ತರಗತಿಯಲ್ಲಿ ಮುಟ್ಟಿಸಬೇಕು.

ಬೀದರಿಗೆ 2007ರಿಂದ ತನ್ನದೇ ಸರ್ಕಾರಿ ವೈದ್ಯಕೀಯ ಕಾಲೇಜು, ಬ್ರಿಮ್ಸ್, ಇದೆ. ನನ್ನ ಅಭಿಪ್ರಾಯದಲ್ಲಿ ಭಾಲ್ಕಿ, ಔರಾದಿನ ಡಾಕ್ಟರು ನೇರ ಬೆಂಗಳೂರಿಗೆ ಜೋಡಣೆಯಾಗುವುದಕ್ಕಿಂತ, ಬೀದರಿನಲ್ಲೇ ಒಂದು ಗುಂಪು ಕಟ್ಟಿಕೊಂಡು ಅದರ ಮೂಲಕ ಬೆಂಗಳೂರಿನೊಡನೆ ಮಾತಾಡುವುದು ಒಳ್ಳೆಯದು. ಕನ್ನಡ, ಉರ್ದು, ಮರಾಠಿ, ತೆಲುಗು ಬೆರೆತ ಇಲ್ಲಿಯ ರೋಗಿಯ ಮಾತು ಹತ್ತಿರದವರಿಗೆ ಬೇಗ ತಿಳಿಯುತ್ತದೆ. ಸೋದರಮಾವ, ಅತ್ತೆ ಮಗ ಎಂದು ರಕ್ತ ಸಂಬಂಧದಲ್ಲೇ ಮದುವೆ ಮಾಡುವ ರೂಢಿ ನಮ್ಮ ಕಡೆ ಇನ್ನೂ ಇರುವುದರಿಂದ, ವಿಲ್ಸನ್‌ನಂಥ ವಂಶಪಾರಂಪರ್ಯದ ರೋಗಗಳನ್ನು ಇಲ್ಲಿಯ ಡಾಕ್ಟರು ಬೇರೆಯವರಿಗಿಂತ ಹೆಚ್ಚು ಅನುಮಾನದಿಂದಲೇ ಹುಡುಕಬೇಕು.

ಕೇಳುಗರೇ, ಈ ಪಾಠದಲ್ಲಿ ನಿಮಗೂ ಒಂದು ಕೆಲಸವಿದೆ. ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಚಮಚ ತುರುಕಬೇಡಿ. ಮಗ್ಗುಲಿಗೆ ಮಲಗಿಸಿ. ಐದು ನಿಮಿಷಕ್ಕೂ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಜೊತೆಗಿದ್ದ ಇನ್ನೊಬ್ಬರು ಮೊಬೈಲಿನಲ್ಲಿ ಅದರ ವಿಡಿಯೊ ಹಿಡಿಯಲಿ. ನಡಿಗೆ ತಪ್ಪಿದರೆ, ಕೈ ನಡುಗಿದರೆ ಅದನ್ನೂ ಹಿಡಿದಿಡಿ. ಹಳೆಯ ಚೀಟಿ, ರಿಪೋರ್ಟುಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಮೊದಲು ನಿಮ್ಮ ತಾಲ್ಲೂಕು ದವಾಖಾನೆಗೆ ಹೋಗಿ, ಡಾಕ್ಟರಿಗೆ ತೋರಿಸಿ, “ದೊಡ್ಡ ಡಾಕ್ಟರಿಗೆ ವಿಡಿಯೊದಾಗ ಒಮ್ಮೆ ಕೇಳಿ ನೋಡ್ರಿ” ಎಂದು ಸಂಕೋಚವಿಲ್ಲದೆ ಹೇಳಿ.